ಬದಲಿ ಬಂದವರ ಲೆಕ್ಕ

ನನ್ನ ಕೆಲಸ ಏನು ಎಂದು ರೈಲಿನಲ್ಲಿ ಯಾರಾದರೂ ಕೇಳಿದರೆ, ವಿವರಿಸಿ ಮುಗಿಸುವಷ್ಟರಲ್ಲಿ ನಾನು ಇಳಿಯುವ ಐರೋಲಿ ಸ್ಟೇಷನ್ ಬಂದುಬಿಡುತ್ತದೆ. ಸರ್ಕಾರ ಒಂದು ಯೋಜನೆ ಮಾಡುತ್ತದೆ. ಊರಿನಲ್ಲಿ ಅಂಗಡಿ ಹಾಕಿ, ಕಂಪನಿ ತೆರೆಯಿರಿ, ನಾಲ್ಕು ಜನಕ್ಕೆ ಕೆಲಸ ಕೊಡಿ, ನಿಮಗೆ ಬಾಡಿಗೆಯಲ್ಲೋ ತೆರಿಗೆಯಲ್ಲೋ ರಿಯಾಯಿತಿ ಕೊಡುತ್ತೇವೆ ಎನ್ನುತ್ತದೆ. ಒಂದೆರಡು ವರ್ಷವಾದ ಮೇಲೆ, ಆ ರಿಯಾಯಿತಿಯಿಂದ ನಿಜವಾಗಿ ಯಾರಿಗಾದರೂ ಕೆಲಸ ಸಿಕ್ಕಿತೇ ಎಂದು ನೋಡಿಕೊಂಡು ಬರಲು ಒಂದು ಖಾಸಗಿ ಸಂಸ್ಥೆಯನ್ನು ಕರೆಯುತ್ತದೆ. ಅಂಥ ಸಂಸ್ಥೆಯ ಪರವಾಗಿ ಬಿಸಿಲಲ್ಲಿ ತಿರುಗಿ, ಬರೆದುಕೊಂಡು ಬಂದು, ವರದಿ ಮಾಡುವ ಹೆಂಗಸು ನಾನು. ನನ್ನ ಅತ್ತೆಯವರು ಇದನ್ನೆಲ್ಲ ತಾಳ್ಮೆಯಿಂದ ಕೇಳಿ, "ಹಾಗಾದ್ರೆ ಕೊಟ್ಟದ್ದನ್ನು ಕೆದಕಿ ನೋಡುವ ಕೆಲಸ" ಎಂದಿದ್ದರು. ಅದಕ್ಕಿಂತ ಚೆನ್ನಾಗಿ ನನ್ನ ವಿಸಿಟಿಂಗ್ ಕಾರ್ಡೂ ಹೇಳುವುದಿಲ್ಲ.

ಯಾವ ಯೋಜನೆ, ಯಾವ ಕಚೇರಿ ಎಂದು ಹೇಳಿ ಹೊಸ ತಲೆನೋವು ತಂದುಕೊಳ್ಳಲು ನನಗೆ ಇಷ್ಟವಿಲ್ಲ. ಮುಂಬಯಿಯ ಹೊರವಲಯದ ಠಾಣೆ, ಕಲ್ಯಾಣ, ಡೊಂಬಿವಲಿ, ಐರೋಲಿ ಎಲ್ಲ ಕಡೆಗೂ ಹರಡಿದ್ದ ಯೋಜನೆ ಎಂದಿಟ್ಟುಕೊಳ್ಳಿ. ಅದರಲ್ಲಿ ಎರಡು ಬಗೆ. ದೊಡ್ಡ ಕಂಪನಿಗಳಿಗೆ ತೆರಿಗೆಯಲ್ಲಿ ರಿಯಾಯಿತಿ. ಸಣ್ಣವರಿಗೆ, ಖಾಲಿ ಬಿದ್ದು ನಾಯಿ ಮಲಗುತ್ತಿದ್ದ ಸರ್ಕಾರಿ ಶೆಡ್ಡುಗಳು ಅಗ್ಗದ ಬಾಡಿಗೆಗೆ. ಷರತ್ತು ಇಬ್ಬರಿಗೂ ಒಂದೇ: ಹೊಸ ಉದ್ಯೋಗ ಹುಟ್ಟಿಸಬೇಕು. ಹುಟ್ಟಿಸಿದ್ದು ಸಾಬೀತಾದರೆ ರಿಯಾಯಿತಿ ಮುಂದುವರಿಯುತ್ತದೆ, ಇಲ್ಲದಿದ್ದರೆ ಶೆಡ್ಡು ಬೇರೆಯವರಿಗೆ.

ಡೊಂಬಿವಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ರಸ್ತೆ ಬದಿಯ ಅಂಥ ಒಂದು ಶೆಡ್ಡು, ನಾವೆಲ್ಲ ಅಕ್ಕ ಎಂದು ಕರೆಯುವ ಒಬ್ಬರಿಗೆ ಸಿಕ್ಕಿತ್ತು. ಅವರು ಕುಂದಾಪುರದ ಕಡೆಯವರು. ನನಗೆ ನೆಂಟರಲ್ಲ, ಅಮ್ಮನ ಭಜನಾ ಮಂಡಳಿಯ ಪರಿಚಯ. ನಮ್ಮ ಮನೆಯಲ್ಲಿ ತುಳು, ಅವರದು ಕನ್ನಡ. ಹಾಗಾಗಿ ಅವರು ಮನೆಗೆ ಬಂದರೆ ನಾವೆಲ್ಲ ಕನ್ನಡಕ್ಕೆ ತಿರುಗುತ್ತಿದ್ದೆವು. ನನ್ನ ಮಕ್ಕಳು ಮಾತ್ರ ಎರಡನ್ನೂ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುತ್ತಾರೆ, ಅದು ಬೇರೆ ವಿಷಯ. ಮದುವೆಯಾಗಿ ಡೊಂಬಿವಲಿಗೆ ಬಂದಾಗಿನಿಂದ ಅಕ್ಕ ಬೇರೆಯವರ ಹೋಟೆಲಿಗೆ ಹಿಟ್ಟು ರುಬ್ಬಿದ್ದಾರೆ, ಬೇರೆಯವರ ಮನೆ ಮದುವೆಗೆ ಹೋಳಿಗೆ ತಟ್ಟಿದ್ದಾರೆ, ಫ್ಯಾಕ್ಟರಿಯವರಿಗೆ ಊಟದ ಡಬ್ಬಿ ಕಟ್ಟಿದ್ದಾರೆ. ಗಂಡ ಒಂದು ಕಂಪನಿಯ ಕ್ಯಾಂಟೀನಿನಲ್ಲಿ. ಒಳ್ಳೆಯ ಮನುಷ್ಯ, ಮಾತಿಲ್ಲ ಕತೆಯಿಲ್ಲ. ಅಕ್ಕನಿಗೆ ಇದ್ದದ್ದು ಒಂದೇ ಆಸೆ. ತನ್ನದೇ ಹೋಟೆಲಿನ ಗಲ್ಲಾದಲ್ಲಿ ತಾನು ಕೂರಬೇಕು. ಗಿರಾಕಿಗಳಿಂದ ದುಡ್ಡು ತೆಗೆದುಕೊಳ್ಳುವ ಮೇಜಿಗೆ ನಮ್ಮ ಹೋಟೆಲುಗಳಲ್ಲಿ ಗಲ್ಲಾ ಎನ್ನುತ್ತಾರೆ. ಅಪ್ಪ ಮ್ಯಾನೇಜರ್ ಆಗಿದ್ದ ಹೋಟೆಲಿನಲ್ಲೇ ನಾನು ಬೆಳೆದದ್ದು. ಅಲ್ಲಿಯ ಗಲ್ಲಾದ ಹಿಂದೆ ಹೆಂಗಸು ಕೂತದ್ದನ್ನು ನಾನು ಒಂದು ದಿನವೂ ಕಂಡವಳಲ್ಲ.

ಶೆಡ್ಡು ಸಿಕ್ಕ ಹೊಸತರಲ್ಲಿ ಒಮ್ಮೆ ಹೋಗಿದ್ದೆ. ಕೆಲಸಕ್ಕಲ್ಲ, ಸುಮ್ಮನೆ, ಅಮ್ಮನನ್ನು ಕರೆದುಕೊಂಡು. ಎದುರುಗಡೆ ಬಣ್ಣದ ಫ್ಯಾಕ್ಟರಿ, ಹಿಂದೆ ಬೋಲ್ಟು ನಟ್ಟು ಮಾಡುವವರು, ಗಾಳಿಯಲ್ಲಿ ಎಂದಿನ ಕೆಮಿಕಲ್ ನಾತ. ಅದರ ಮಧ್ಯೆ ಈ ಶೆಡ್ಡಿನಿಂದ ಇಂಗಿನ ಒಗ್ಗರಣೆ. ಶಿಫ್ಟು ಬಿಟ್ಟ ಗಂಡಸರು ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು ನಿಂತೇ ಇಡ್ಲಿ ತಿನ್ನುತ್ತಿದ್ದರು. ಗಲ್ಲಾದಲ್ಲಿ ಅಕ್ಕ. ಇಸ್ತ್ರಿ ಮಾಡಿದ ಸೀರೆ, ತಲೆಗೆ ಅಬ್ಬಲಿಗೆ ಹೂವು, ಮುಖದಲ್ಲಿ ಬಿಗುಮಾನ. ಅಮ್ಮ ದುಡ್ಡು ಕೊಡಲು ಹೋದರೆ, "ನೀವು ಒಳಗೆ ಬನ್ನಿ, ಇಲ್ಲಿ ನಿಂತ್ರೆ ಗಿರಾಕಿಗೆ ಅಡ್ಡ ಆಗ್ತದೆ" ಎಂದು ಗದರಿಸಿದರು. ಅಮ್ಮನಿಗೆ ಖುಷಿಯೋ ಖುಷಿ. ದಾರಿಯುದ್ದಕ್ಕೂ "ಜೋರು ಉಂಟು ಮಾರಾಯ್ತಿ ಅವಳದ್ದು" ಎನ್ನುತ್ತಲೇ ಬಂದರು.

ಅಕ್ಕನ ಷರತ್ತು ನಾಲ್ಕು ಜನರಿಗೆ ಕೆಲಸ. ನಾಲ್ವರು ಇದ್ದರು: ದೋಸೆ ಕಲ್ಲಿಗೆ ಒಬ್ಬ, ಸಾಂಬಾರು ಪಲ್ಯಕ್ಕೆ ಒಬ್ಬ, ಸಪ್ಲೈಗೆ ಒಬ್ಬ, ತೊಳೆಯಲು ಬಳಿಯಲು ಒಬ್ಬ. ಎಲ್ಲ ಊರ ಕಡೆಯವರು, ಊರಲ್ಲಿ ಸಂಬಳದ ಕೆಲಸ ಇಲ್ಲದೆ ಇದ್ದವರು. ಇಲ್ಲಿ ಒಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಕಡೆಯ ಹೋಟೆಲುಗಳಲ್ಲಿ ಕೆಲಸ ಒಬ್ಬ ಮನುಷ್ಯನದಲ್ಲ, ಒಂದು ಮನೆಯದು. ದೋಸೆ ಕಲ್ಲಿನ ಮುಂದೆ ಅಣ್ಣ ಆರು ತಿಂಗಳು ನಿಂತರೆ, ನಾಟಿಯ ಹೊತ್ತಿಗೆ ಅವನು ಊರಿಗೆ ಹೋಗುತ್ತಾನೆ, ತಮ್ಮ ಬಸ್ಸಿಳಿಯುತ್ತಾನೆ. ತಮ್ಮನ ಹೆಂಡತಿಗೆ ಹೆರಿಗೆ ಎಂದರೆ ಅಣ್ಣ ವಾಪಸ್ಸು. ಯಾರೂ ರಜೆ ಕೇಳುವುದಿಲ್ಲ, ಬದಲಿ ಕಳಿಸುತ್ತಾರೆ. ಜಾಗ ಖಾಲಿ ಬಿಡಬಾರದು, ಅದೊಂದೇ ನಿಯಮ. ಮಾಲೀಕ ಯಾರು ಬಂದ, ಯಾರು ಹೋದ ಎಂದು ತಲೆಕೆಡಿಸಿಕೊಳ್ಳುವುದಿಲ್ಲ. ದೋಸೆ ಕಲ್ಲಿನ ಮುಂದೆ ಆ ಮನೆಯವನೊಬ್ಬ ನಿಂತಿದ್ದರೆ ಮುಗಿಯಿತು. ಅಪ್ಪನ ಹೋಟೆಲಿನಲ್ಲೂ ಹಾಗೇ ಇತ್ತು. ಇದರಲ್ಲಿ ವಿಶೇಷವಿದೆ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಮೌಲ್ಯಮಾಪನದ ಕೆಲಸ ನಮ್ಮ ಸಂಸ್ಥೆಗೆ ಬಂದಾಗ ಬಾಸ್‌ಗೆ ಮೊದಲೇ ಹೇಳಿದೆ, ಡೊಂಬಿವಲಿಯ ಆ ಶೆಡ್ಡಿನವರು ನನ್ನ ಪರಿಚಯದವರು, ಅಲ್ಲಿಗೆ ಬೇರೆಯವರನ್ನು ಕಳಿಸಿ ಎಂದು. ನಮ್ಮ ಬಾಸ್ ಪುಣೆಯ ಕಡೆಯ ಮರಾಠಿ ಮನುಷ್ಯ. ಕೆಟ್ಟವರಲ್ಲ, ಆದರೆ ಕಂಪ್ಯೂಟರಿನ ಚೌಕದೊಳಗೆ ಹಿಡಿಯದ್ದು ಅವರಿಗೆ ಕಾಣುವುದಿಲ್ಲ. "ಅರೇ ಮ್ಯಾಡಮ್, ಡೊಂಬಿವಲಿಯ ಹೋಟೆಲಿನವರೆಲ್ಲ ನಿಮ್ಮ ಪರಿಚಯದವರೇ. ನೀವು ಹೋಗದಿದ್ದರೆ ಅವರ ಭಾಷೆ ಯಾರಿಗೆ ಬರುತ್ತೆ? ಆ ಒಂದು ಶೆಡ್ಡಿಗೆ ನಾನೂ ಜೊತೆಗೆ ಬರುತ್ತೇನೆ, ಚಲಾ" ಎಂದರು.

ಮೊದಲು ಹೋದದ್ದು ಐರೋಲಿಗೆ, ದೊಡ್ಡವರ ಲೆಕ್ಕಕ್ಕೆ. ನಮ್ಮ ಮನೆಯಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಗಾಜಿನ ಕಟ್ಟಡ, ಅದರಲ್ಲಿ ಒಂದು ಕಂಪನಿ. ಅವರ ಪಟ್ಟಿಯಲ್ಲಿ ಹೊಸ ಉದ್ಯೋಗಿಗಳ ಹೆಸರು ಪುಟಗಟ್ಟಲೆ. ನಾನು ಒಬ್ಬೊಬ್ಬರನ್ನೇ ಕೇಳಿದೆ, ಇದಕ್ಕೆ ಮುಂಚೆ ಎಲ್ಲಿದ್ದಿರಿ? ಠಾಣೆಯಲ್ಲಿ. ಠಾಣೆಯಲ್ಲಿ ಯಾವ ಕಂಪನಿ? ಇದೇ ಕಂಪನಿ. ಆಫೀಸು ಠಾಣೆಯಿಂದ ಐರೋಲಿಗೆ ಬಂದಿತ್ತು, ಅಷ್ಟೆ. ಅದೇ ಜನ, ಅದೇ ಕುರ್ಚಿ, ಅದೇ ಊಟದ ಡಬ್ಬಿ, ಬೇರೆ ರೈಲು. ಜಿಲ್ಲೆಯೂ ಅದೇ. ಅಳಿಯ ಅಲ್ಲ, ಮಗಳ ಗಂಡ!

ಅಲ್ಲಿಯ ಆಡಳಿತ ನೋಡುವವನೊಬ್ಬ ಒಳ್ಳೆಯ ಕಾಫಿ ಕೊಟ್ಟು, ಮನಸ್ಸು ಬಿಚ್ಚಿ ಮಾತಾಡಿದ. ರಿಯಾಯಿತಿ ಇಲ್ಲದಿದ್ದರೂ ನೀವು ಇಲ್ಲಿಗೆ ಬರುತ್ತಿದ್ದಿರಾ ಎಂದು ಕೇಳಿದೆ. ಈ ಕೆಲಸದಲ್ಲಿ ಕೇಳಲೇಬೇಕಾದ ಪ್ರಶ್ನೆ ಇದೊಂದೇ, ಉಳಿದದ್ದೆಲ್ಲ ಅಲಂಕಾರ. ಅವನು ನಕ್ಕ. "ಬರುತ್ತಿದ್ದೆವು ಮ್ಯಾಡಮ್. ಅಲ್ಲಿ ಲೀಸ್ ಮುಗಿದಿತ್ತು, ಪಾರ್ಕಿಂಗ್ ಇರಲಿಲ್ಲ. ಇಂಥದ್ದೊಂದು ಸ್ಕೀಮ್ ಇದೆ ಅಂತ ಬಂದ ಮೇಲೆ ನಮ್ಮ ಸಿಎ ಹೇಳಿದ್ದು." ಕೊಟ್ಟವರಿಗೆ ಬೇಡ, ತಗೊಂಡವರಿಗೆ ಬೇಡ, ನನ್ನ ಹೊಟ್ಟೆಯಲ್ಲಿ ಮಾತ್ರ ಉರಿ.

ಇದನ್ನೆಲ್ಲ ಕರಡಿನಲ್ಲಿ ಇದ್ದದ್ದು ಇದ್ದ ಹಾಗೆ ಬರೆದೆ. ಬಾಸ್ ಆ ಪ್ಯಾರಾದ ಮೇಲೆ ಕೆಂಪು ಗೆರೆ ಎಳೆದು ವಾಪಸ್ಸು ಕಳಿಸಿದರು. ಆದೇಶದಲ್ಲಿ ಹೊಸ ಉದ್ಯೋಗ ಎಂದರೆ ಏನೆಂದು ಬರೆದಿದೆ: ಹೊಸ ವಿಳಾಸದಲ್ಲಿ ಒಬ್ಬನೇ ವ್ಯಕ್ತಿ ಒಂದು ವರ್ಷ ಬಿಡದೆ ಕೆಲಸ ಮಾಡಿರಬೇಕು. ಕಂಪನಿಯವರೆಲ್ಲ ಐರೋಲಿಯ ವಿಳಾಸದಲ್ಲಿ ಒಂದು ವರ್ಷ ಮುಗಿಸಿದ್ದಾರೆ. ಪಾಸ್. "ಡೆಫಿನಿಷನ್ ಅಂದರೆ ಡೆಫಿನಿಷನ್, ಮ್ಯಾಡಮ್. ನೀವು ಬರೆದದ್ದು ಕತೆ ಆಯಿತು, ಡೇಟಾ ಅಲ್ಲ." ಸುಮಾರು ಹೊತ್ತು ಜಗಳ ಮಾಡಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಕೊನೆಗೆ ಅವರು ಚಹಾ ತರಿಸಿದರು, ನಾನು ಕುಡಿಯಲಿಲ್ಲ. ಹಾಗೆ ಮಾಡಿ ಯಾರಿಗೆ ನಷ್ಟ ಮಾಡಿದೆನೋ ದೇವರಿಗೇ ಗೊತ್ತು.

ಆ ಜಗಳದ ನಡುವೆಯೇ ನನಗೆ ಅಕ್ಕನ ನೆನಪಾಯಿತು. ಒಬ್ಬನೇ ವ್ಯಕ್ತಿ, ಒಂದು ವರ್ಷ, ಬಿಡದೆ. ಅಕ್ಕನ ಶೆಡ್ಡಿನಲ್ಲಿ ಅಂಥವನು ಯಾರಿದ್ದಾನೆ? ಹೊರಗೆ ಬಂದವಳೇ ಅಕ್ಕನಿಗೆ ಫೋನು ಮಾಡಿದೆ.

"ಅಕ್ಕ, ಮುಂದಿನ ವಾರ ನಾನೂ ಸಾಹೇಬರೂ ಬರ್ತೇವೆ. ನಾಲ್ಕೂ ಜನ ಇರ್ಬೇಕು."

"ಇರ್ತಾರೆ."

"ಹಾಗಲ್ಲ. ಶುರುವಿನಿಂದ ಇದ್ದವ್ರೇ ಇರ್ಬೇಕು. ಅವತ್ತು ಅರ್ಜಿಯಲ್ಲಿ ಹೆಸರು ಕೊಟ್ಟಿದ್ದೀರಲ್ಲ, ಅವ್ರೇ. ಬದಲಿಯವ್ರು ಬೇಡ."

"ಹೂಂ ಮಾರಾಯ್ತಿ, ನಾಲ್ಕು ಜನ ಅಂದ್ಯಲ್ಲ, ಇರ್ತಾರೆ. ಎಂತಕ್ಕೆ ಅಷ್ಟು ಗಾಬರಿ?" ಗಿರಾಕಿ ಕರೆದ ಸದ್ದು ಕೇಳಿಸಿತು, ಫೋನು ಇಟ್ಟುಬಿಟ್ಟರು.

ನಾನು ಅಷ್ಟು ಒತ್ತಿ ಹೇಳಿದೆ. ಆದರೂ ಅಕ್ಕ ಕೇಳಿಸಿಕೊಂಡದ್ದು ನಾಲ್ಕು ಎಂಬುದನ್ನು ಮಾತ್ರ. ಅವರ ತಲೆಯಲ್ಲಿ ಇದ್ದದ್ದು ನಾಲ್ಕು ಜಾಗ. ಜಾಗ ತುಂಬಿದ್ದರೆ ಲೆಕ್ಕ ಸರಿ. ಹೋಟೆಲಿನವರಿಗಲ್ಲದೆ ಬೇರೆ ಯಾರಿಗೂ ಇಂಥ ತಪ್ಪು ಮಾಡಲು ಬರುವುದಿಲ್ಲ.

ಅದರ ಮೇಲೆ ಊರಿನಲ್ಲಿ ಪಂಚಾಯತು ಚುನಾವಣೆ ಬಂತು. ನಮ್ಮ ಕಡೆ ಪಂಚಾಯತು ಚುನಾವಣೆ ಎಂದರೆ ಮುಂಬಯಿಯ ಹೋಟೆಲುಗಳೆಲ್ಲ ಅರ್ಧ ಖಾಲಿ. ನಿಂತವರೇ ಬಸ್ಸು ಮಾಡಿ ಕಳಿಸುತ್ತಾರೆ, ಒಂದೊಂದು ವೋಟಿಗೂ ಅಷ್ಟು ಬೆಲೆ. ಈ ಸಲ ನಿಂತವಳು ಯಾರು? ಅಕ್ಕನ ದೋಸೆ ಕಲ್ಲಿನವನ ಹೆಂಡತಿ. ಮಹಿಳಾ ಮೀಸಲು. ಹೆಂಡತಿ ಚುನಾವಣೆಗೆ ನಿಂತಿರುವಾಗ ಗಂಡ ಡೊಂಬಿವಲಿಯಲ್ಲಿ ದೋಸೆ ಹುಯ್ಯುತ್ತಾ ಕೂತರೆ ಊರಲ್ಲಿ ಮುಖ ತೋರಿಸಲಿಕ್ಕುಂಟೇ? ಅವನು ಹೊರಟ. ಅದೇ ವಾರ್ಡಿನವರೆಂದು ಇನ್ನಿಬ್ಬರು ಹೊರಟರು. ಮೂವರೂ ಬದಲಿ ಕೊಟ್ಟೇ ಹೋದರು. ಒಬ್ಬನ ತಮ್ಮ, ಇನ್ನೊಬ್ಬನ ಭಾವ, ಮತ್ತೊಬ್ಬನ ದೊಡ್ಡಪ್ಪನ ಮಗ. ಅಕ್ಕ ನನಗೆ ಒಂದು ಮಾತು ಹೇಳಬಾರದೇ? ಹೇಳಲಿಲ್ಲ. ಹೇಳುವಂಥದ್ದು ಏನೂ ಆಗಿಲ್ಲ ಎಂದುಕೊಂಡಿದ್ದರು.

ನಾವು ಹೋದಾಗ ಶೆಡ್ಡು ಫಳಫಳ ಅನ್ನುತ್ತಿತ್ತು. ನಾಲ್ವರೂ ಒಗೆದ ಬನಿಯನ್ನು ಹಾಕಿ ಸಾಲಾಗಿ ನಿಂತಿದ್ದರು. ಬಾಸ್ ಟ್ಯಾಬ್ ತೆಗೆದರು. ಮುಖದ ಫೋಟೋ, ಆಧಾರ್, ಬೆರಳು. ಮೊದಲನೆಯವನ ಹೆಸರು ಕೇಳಿದರೆ ಅವನು ತನ್ನ ಹೆಸರನ್ನೇ ಹೇಳಿದ. ಟ್ಯಾಬ್ ಕೆಂಪು ತೋರಿಸಿತು. ಎರಡನೆಯವನಿಗೂ ಕೆಂಪು. ಮೂರನೆಯವನು ಯಾರೂ ಕೇಳದೆ ತಾನಾಗಿಯೇ, "ಮೈ ಭಾಯಿ ಕೇ ಬದಲೇ ಆಯಾ ಹೂಂ ಸಾಬ್, ವೋ ವೋಟ್ ಡಾಲ್ನೇ ಗಯಾ" ಎಂದ. ಅಣ್ಣನ ಬದಲಿಗೆ ಬಂದಿದ್ದೇನೆ, ಅವನು ವೋಟು ಹಾಕಲು ಹೋಗಿದ್ದಾನೆ ಎಂದು ಹೆಮ್ಮೆಯಿಂದ ಹೇಳಿದ, ಪಾಪ. ನಾನು ಕಣ್ಣು ಮುಚ್ಚಿಕೊಂಡೆ. ತೊಳೆಯುವವನೊಬ್ಬನ ಹೆಸರು ಮಾತ್ರ ಹೊಂದಿಕೊಂಡಿತು, ಆದರೆ ಅವನೂ ನಡುವೆ ಮೂರು ತಿಂಗಳು ಊರಲ್ಲಿದ್ದು ಬಂದಿದ್ದ. ಅದನ್ನು ಅವನೇ ಹೇಳಿದ.

ಬಾಸ್ ನನ್ನ ಕಡೆ ತಿರುಗಿ, "ಸಗಳೇ ಡಮ್ಮಿ ಆಹೇತ್" ಎಂದರು. ಎಲ್ಲ ಡಮ್ಮಿಗಳು.

ಅಕ್ಕನಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತದೆ. ಮುಖ ಕೆಂಪಾಯಿತು. "ಡಮ್ಮಿ ಎಂತದ್ದು? ಇವ ದೋಸೆ ಹುಯ್ಯುದಿಲ್ವಾ? ಹುಯ್ದ ದೋಸೆ ಡಮ್ಮಿಯಾ? ತಿಂದು ಹೋದ ಜನ ಡಮ್ಮಿಯಾ?" ಎಂದು ಕನ್ನಡದಲ್ಲೇ ಏರಿ ಬಂದರು. ಆಮೇಲೆ ಅದನ್ನೇ ಮರಾಠಿಯಲ್ಲಿ ಇನ್ನೂ ಜೋರಾಗಿ ಹೇಳಿದರು. ಬಾಸ್ ತಣ್ಣಗೆ ಟ್ಯಾಬ್ ಚೀಲಕ್ಕೆ ಹಾಕಿಕೊಂಡರು. ಮಾಡಿಟ್ಟಿದ್ದ ಶೀರಾವನ್ನು ಮುಟ್ಟಲೂ ಇಲ್ಲ. ಅವರು ಹೊರಗೆ ಹೋದ ಮೇಲೆ ನಾನು ಅಕ್ಕನಿಗೆ ಬೈದೆ.

"ನಾನು ಬಾಯಿಬಿಟ್ಟು ಹೇಳಿದ್ದೆ. ಅವ್ರೇ ಬೇಕು ಅಂತ ಹೇಳಿದ್ದೆ. ನಾವು ಬಂದು ಹೋಗುವವರೆಗೆ ಎರಡು ದಿನ ಅವ್ರನ್ನು ತಡೆಯಲಿಕ್ಕೆ ಆಗ್ತಿರ್ಲಿಲ್ವಾ?"

"ಅವನ ಹೆಂಡತಿ ನಿಂತದ್ದು. ಹೇಗೆ ತಡೆಯುದು ಹೇಳು."

"ಅವ್ಳು ಸೋತ್ರೆ ಪ್ರಪಂಚ ಮುಳುಗ್ತದಾ? ಇಲ್ಲಿ ಶೆಡ್ಡೇ ಹೋಗ್ತದೆ, ಅಕ್ಕ!"

"ಶೆಡ್ಡು ಹೇಗೆ ಹೋಗ್ತದೆ? ನಾನು ಒಂದು ದಿನ ಬಾಗಿಲು ಹಾಕಿದವಳಲ್ಲ." ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಕೇಳಿದರೆ ಎಲ್ಲರ ಮೇಲೂ.

ಐರೋಲಿಗೆ ವಾಪಸ್ಸು ಹೋಗುವಾಗ ರೈಲಿನಲ್ಲಿ ಬಾಸ್ ಎದುರು ಕೂತಿದ್ದರು. ನಾನು ಬಿಡಲಿಲ್ಲ. ಒಂದು ಕೆಲಸವನ್ನು ಇಬ್ಬರು ಅಣ್ಣತಮ್ಮಂದಿರು ಹಂಚಿಕೊಂಡರೆ ಅದು ಎರಡು ಸಂಸಾರದ ಅನ್ನ, ಸೊನ್ನೆ ಹೇಗಾಗುತ್ತದೆ? ಠಾಣೆಯಿಂದ ಬಂದವನು ಹೊಸ ಉದ್ಯೋಗಿ, ಊರಿನಿಂದ ಬಂದವನು ಡಮ್ಮಿ, ಇದು ಯಾವ ಸೀಮೆಯ ನ್ಯಾಯ? ಬಾಸ್ ಕಿಟಕಿಯ ಹೊರಗೆ ನೋಡುತ್ತಾ, "ನಿಮ್ಮ ಮಾತು ಸರಿ ಇರಬಹುದು. ಆದರೆ ನಮಗೆ ದುಡ್ಡು ಕೊಡುವುದು ಡೆಫಿನಿಷನ್ ಪ್ರಕಾರ ನೋಡಲಿಕ್ಕೆ, ಡೆಫಿನಿಷನ್ ಸರಿ ಇದೆಯಾ ಅಂತ ನೋಡಲಿಕ್ಕಲ್ಲ" ಎಂದರು. ಸುಳ್ಳೇನೂ ಅಲ್ಲ. ಅದಕ್ಕೇ ಇನ್ನಷ್ಟು ಮೈ ಉರಿಯಿತು. ಬದಲಿಯ ಪದ್ಧತಿಯನ್ನು ವಿವರಿಸಿ ಒಂದು ಟಿಪ್ಪಣಿ ಬರೆದು ವರದಿಗೆ ಸೇರಿಸಲು ಮಾತ್ರ ಒಪ್ಪಿದರು. ಅದು ಕೊನೆಯ ಅನುಬಂಧದಲ್ಲಿ, ನಕ್ಷೆಗಳ ಹಿಂದೆ ಹೋಗಿ ಕೂತಿತು. ಅದನ್ನು ಓದಿದವರು ನಾನು ಮತ್ತು ಪ್ರೂಫ್ ನೋಡಿದವರು.

ಅಕ್ಕನಿಗೆ ನೋಟಿಸು ಬಂತು. ಹೇಳುವುದಿದ್ದರೆ ಬೇಲಾಪುರದ ಸರ್ಕಾರಿ ಕಚೇರಿಗೆ ಬಂದು ಹೇಳಿ ಎಂದು. ನಾನು ರಜೆ ಹಾಕಿ ಜೊತೆಗೆ ಹೋದೆ. ಠಾಣೆಯಲ್ಲಿ ಇಳಿದು ಪನ್ವೇಲ್ ಗಾಡಿ ಹಿಡಿದೆವು. ಅಕ್ಕ ದಾರಿಯುದ್ದಕ್ಕೂ ನಾನು ಹೇಳಿಕೊಟ್ಟದ್ದನ್ನು ಬಾಯಿಪಾಠ ಮಾಡುತ್ತಿದ್ದರು. ನಾನು ಹೇಳಿಕೊಟ್ಟದ್ದು ಇಷ್ಟೇ: ಇನ್ನು ಮುಂದೆ ನಾಲ್ವರನ್ನೂ ವರ್ಷಪೂರ್ತಿ ಇಲ್ಲೇ ಇಡುತ್ತೇನೆ, ಬದಲಿ ಮಾಡುವುದಿಲ್ಲ, ಒಂದು ವರ್ಷ ಅವಕಾಶ ಕೊಡಿ ಎಂದು ಬರೆದುಕೊಡಿ. ಒಂದು ಸಹಿಯ ಕೆಲಸ. ಶೆಡ್ಡು ಉಳಿಯುತ್ತದೆ.

ಅಲ್ಲಿ ಕೂತಿದ್ದ ಅಧಿಕಾರಿ ಮರ್ಯಾದಸ್ಥರು. ಕುರ್ಚಿ ಕೊಟ್ಟರು, ನೀರು ಕೊಟ್ಟರು, ಕೇಳಿದರು. ಅಕ್ಕ ಬಾಯಿಪಾಠ ಮಾಡಿದ್ದನ್ನು ಚೆನ್ನಾಗಿಯೇ ಶುರು ಮಾಡಿದರು. ಅಷ್ಟರಲ್ಲಿ ಅಧಿಕಾರಿ ಒಂದು ಪ್ರಶ್ನೆ ಹಾಕಿದರು ನೋಡಿ, "ನಡುವೆ ಯಾರಾದರೂ ಊರಿಗೆ ಹೋಗಬೇಕು ಎಂದರೆ?"

ಅಕ್ಕ ನನ್ನ ಮುಖ ನೋಡಿದರು. ನಾನು ಮೇಜಿನ ಕೆಳಗೆ ಕಾಲು ತುಳಿದೆ.

"ಬದಲಿ ಕೊಟ್ಟು ಹೋಗ್ತಾರೆ ಸಾಬ್," ಎಂದರು ಅಕ್ಕ. "ಸುಳ್ಳು ಯಾಕೆ ಹೇಳ್ಲಿ? ಸಾವು ಬರ್ತದೆ, ಹೆರಿಗೆ ಬರ್ತದೆ. ಅಲ್ಲಿ ಗದ್ದೆ ಉಂಟು. ನಾನು ಕಟ್ಟಿಹಾಕಿದ್ರೆ ಅವ್ರು ಮುಂದಿನ ಸಲ ಬರುದೇ ಇಲ್ಲ."

ಅಯ್ಯೋ ದೇವರೇ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಧಿಕಾರಿ ಪೆನ್ನು ಕೆಳಗಿಟ್ಟರು. ಮುಂದಿನ ಹಂತದಲ್ಲಿ ಈ ವ್ಯಾಖ್ಯೆಯನ್ನು ಪರಿಶೀಲಿಸಬಹುದು, ಈಗ ಆದೇಶ ಹಾಗಿದೆ, ನನ್ನ ಕೈಯಲ್ಲಿ ಏನೂ ಇಲ್ಲ ಎಂದರು. ಹೊರಗೆ ಬಂದವಳೇ ನಾನು ಅಕ್ಕನನ್ನು ಹಿಂದೆ ಬಿಟ್ಟು ಬಿರಬಿರನೆ ನಡೆದೆ. ಸ್ಟೇಷನ್ ಬಂದ ಮೇಲೆ ಅವರೇ, "ನಂಗೆ ಸುಳ್ಳು ಬರುದಿಲ್ಲ ಮಾರಾಯ್ತಿ, ಸಿಟ್ಟು ಮಾಡ್ಬೇಡ" ಎಂದರು. ಸಿಟ್ಟು ಮಾಡದೆ ಏನು ಮಾಡಲಿ? ಸತ್ಯ ಹೇಳಬೇಕಾದ ಕಡೆ ಐರೋಲಿಯವನೂ ಸತ್ಯವನ್ನೇ ಹೇಳಿದ್ದ. ಅವನಿಗೆ ಅದರಿಂದ ಒಂದು ಕೂದಲೂ ಕೊಂಕಲಿಲ್ಲ. ಇವರ ಹೋಟೆಲು ಹೋಯಿತು. ಇದನ್ನು ನಾನು ಯಾರ ಹತ್ತಿರ ಹೇಳಿಕೊಳ್ಳಲಿ?

ಮಳೆಗಾಲ ಶುರುವಾಗುವ ಮೊದಲೇ ಶೆಡ್ಡು ಖಾಲಿ ಮಾಡಿಸಿದರು. ಗ್ರೈಂಡರನ್ನೂ ದೋಸೆ ಕಲ್ಲನ್ನೂ ಅಕ್ಕ ಕಲ್ಯಾಣದ ಹಳೆ ಸಾಮಾನಿನವನಿಗೆ ಮಾರಿದರು. ಗಲ್ಲಾದ ಮೇಜನ್ನು ಮಾತ್ರ ಮನೆಗೆ ತಂದರು. ಅದು ಅವರ ಒಂದು ಕೋಣೆಯ ಮನೆಯಲ್ಲಿ ಹಿಡಿಯಲಿಲ್ಲ, ಆಮೇಲೆ ಅದನ್ನೂ ಕೊಟ್ಟರು. ಆಳುಗಳು ಚದುರಿದರು. ಅಂದ ಹಾಗೆ, ದೋಸೆ ಕಲ್ಲಿನವನ ಹೆಂಡತಿ ಗೆದ್ದಳು. ಅಕ್ಕ ನನಗೆ ಫೋನು ಮಾಡಿ ಅದನ್ನು ಖುಷಿಯಿಂದಲೇ ಹೇಳಿದರು. "ನಮ್ಮ ಹೋಟೆಲಿನ ವೋಟಿನಲ್ಲೇ ಗೆದ್ದದ್ದು" ಎಂದು ನಕ್ಕರು. ನಾನು ನಗಲಿಲ್ಲ. ಆಮೇಲೆ ಅವರು ಮನೆಯಿಂದ ಹೊರಗೆ ಬರುವುದು ಕಡಿಮೆಯಾಯಿತು. ಭಜನೆಗೂ ಬರುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದರು. ಹೋಗಿ ಮಾತಾಡಿಸಿದರೆ, "ಸಂಜೆ ಆದ್ರೆ ಕೈ ಸುಮ್ನೆ ಇರುದಿಲ್ಲ, ಎಂತ ಮಾಡುದು ಗೊತ್ತಾಗುದಿಲ್ಲ" ಎನ್ನುತ್ತಿದ್ದರು.

ಶೆಡ್ಡು ಒಂದು ಹೊಸ ಕಂಪನಿಗೆ ಹೋಯಿತು. ಹೆಸರು ಬೇಡ. ದೋಸೆ, ಕಾಫಿ, ಗೋಡೆಯ ತುಂಬ ತೆಂಗಿನ ಗರಿಯ ಚಿತ್ರ. ಮಾಲೀಕನನ್ನು ಯಾರೂ ಕಂಡಿಲ್ಲ. ಮ್ಯಾನೇಜರ್ ಒಬ್ಬ ಇದ್ದಾನೆ, ಅವನಿಗೆ ಹಿಟ್ಟು ಹುಳಿ ಬಂದಿದೆಯೋ ಇಲ್ಲವೋ ತಿಳಿಯುವುದಿಲ್ಲ.

ಮತ್ತೆ ಒಂದೂವರೆ ವರ್ಷ ಕಳೆಯಿತು. ಎರಡನೇ ಸುತ್ತಿನ ಮೌಲ್ಯಮಾಪನವೂ ನಮಗೇ ಬಂತು, ಮೊದಲ ವರದಿ ಮೇಲಿನವರಿಗೆ ಮೆಚ್ಚಿಗೆಯಾಗಿತ್ತಂತೆ. ಈ ಸಲ ಬಾಸ್ ಬರಲಿಲ್ಲ. ಟ್ಯಾಬನ್ನು ನನ್ನ ಕೈಗೆ ಕೊಟ್ಟರು. ನಾನು ಡೊಂಬಿವಲಿಗೆ ಹೋಗಿ ಆ ಶೆಡ್ಡಿನ ಮುಂದೆ ರಿಕ್ಷಾ ಇಳಿದೆ. ಮ್ಯಾನೇಜರ್ ಉತ್ಸಾಹದಿಂದ ಒಳಗೆ ಕರೆದ. ನೌಕರರೆಲ್ಲ ರೆಡಿ ಇದ್ದಾರೆ ಮ್ಯಾಡಮ್, ಎಲ್ಲರಿಗೂ ವರ್ಷ ಆಯಿತು ಎಂದ.

ಅಡುಗೆಮನೆಯಲ್ಲಿ ಹಿಟ್ಟಿನ ಪಾತ್ರೆಯ ಮುಂದೆ ಅಕ್ಕ. ತಲೆಗೆ ಪ್ಲಾಸ್ಟಿಕ್ ಟೋಪಿ, ಸೀರೆಯ ಮೇಲೆ ಕಂಪನಿಯ ಹಳದಿ ಟೀ ಶರ್ಟು. ಪಕ್ಕದಲ್ಲಿ ದೋಸೆ ಕಲ್ಲಿನವನು, ಅದೇ ಗೆದ್ದವಳ ಗಂಡ. ನನಗೆ ಇದೆಲ್ಲ ಗೊತ್ತೇ ಇರಲಿಲ್ಲ. ಅಮ್ಮನಿಗೂ ಹೇಳಿರಲಿಲ್ಲ ಮಹಾತಾಯಿ.

"ಬಾ," ಎಂದರು ಅಕ್ಕ, ತಿರುಗಿ ನೋಡದೆ. "ಬೇಗ ಕೇಳು, ಶಿಫ್ಟು ಬಿಡುವ ಹೊತ್ತು."

ಫೋಟೋ ಹಿಡಿದೆ. ಬೆರಳು ಒತ್ತಿಸಿದೆ. ಹಸಿರು ಬಂತು. ಮುಂದಿನ ಪ್ರಶ್ನೆ, ಈ ಕೆಲಸಕ್ಕೆ ಮುಂಚೆ ಏನಾಗಿದ್ದಿರಿ? ಆರಿಸಲು ಎರಡೇ ಇದ್ದವು: ನಿರುದ್ಯೋಗಿ, ಅಥವಾ ಬೇರೆ ಕಡೆ ಉದ್ಯೋಗಿ. ನನ್ನ ಬೆರಳು ಏಳಲಿಲ್ಲ.

"ನಿರುದ್ಯೋಗಿ ಅಂತ ಹಾಕು," ಎಂದರು.

"ಇದೇ ಶೆಡ್ಡಲ್ಲಿ ನೀವು ಮಾಲಕಿ ಆಗಿದ್ರಿ, ಅಕ್ಕ. ಷರಾ ಬರೆಯುವ ಜಾಗ ಉಂಟು. ನಾನು ಬರೀತೇನೆ. ಇಲ್ಲಿ ಹೊಸ ಉದ್ಯೋಗ ಒಂದೂ ಹುಟ್ಟಲಿಲ್ಲ, ಇದ್ದ ಹೋಟೆಲನ್ನು ಮುಚ್ಚಿಸಿ ಇದ್ದವ್ರನ್ನೇ ವಾಪಸ್ಸು ತಂದದ್ದು ಅಂತ. ಈ ಸಲ ಯಾರು ಅಳಿಸ್ತಾರೆ ನೋಡ್ತೇನೆ." ನನ್ನ ದನಿ ಜೋರಾಗಿತ್ತು. ಮ್ಯಾನೇಜರ್ ಬಾಗಿಲಲ್ಲಿ ಇಣುಕಿ ನೋಡಿ ಹೋದ.

ಅಕ್ಕ ಸೌಟು ಕೆಳಗಿಟ್ಟು, ಟೀ ಶರ್ಟಿಗೆ ಕೈ ಒರೆಸಿಕೊಂಡು ನನ್ನ ಹತ್ತಿರ ಬಂದರು. ದನಿ ತಗ್ಗಿಸಿ ಹೇಳಿದರು. "ಬರೆದ್ರೆ ಇವ್ರ ರಿಯಾಯಿತಿ ಹೋಗ್ತದೆ. ರಿಯಾಯಿತಿ ಹೋದ್ರೆ ಇವ್ರು ಇಲ್ಲಿ ಇರುದಿಲ್ಲ, ನಾಳೆ ಬೇರೆ ಕಡೆ ಹೋಗ್ತಾರೆ. ಆಗ ನಾನು ಎಲ್ಲಿಗೆ ಹೋಗ್ಲಿ? ನಿನ್ನ ವರದಿಯಲ್ಲಿ ಕೂತ್ಕೊಳ್ಳಲಾ?"

ಅವರು ದೋಸೆ ಕಲ್ಲಿನವನನ್ನು ಕರೆದರು. "ಬಾ ಮಾರಾಯ, ಬೆರಳು ಕೊಡು. ನಡುವೆ ಊರಿಗೆ ಹೋದದ್ದು ಕೇಳಿದ್ರೆ ಇಲ್ಲ ಹೇಳು. ಬದಲಿ ಗಿದಲಿ ಬಾಯಲ್ಲಿ ಬರ್ಬಾರ್ದು, ಗೊತ್ತಾಯ್ತಲ್ಲ?" ಬೇಲಾಪುರದಲ್ಲಿ ಒಂದು ಸುಳ್ಳು ಹೇಳಲಾರದೆ ಹೋಟೆಲು ಕಳೆದುಕೊಂಡ ಹೆಂಗಸು, ನನ್ನ ಕಣ್ಣೆದುರಿಗೇ ಇನ್ನೊಬ್ಬನಿಗೆ ಸುಳ್ಳು ಹೇಳಿಕೊಡುತ್ತಿದ್ದರು. ಅವನು ತಲೆ ತಗ್ಗಿಸಿಕೊಂಡು, ಊರಿಗೆ ಹೋಗಿಲ್ಲ ಎಂದ. ಅವನ ತಮ್ಮ ಈಗ ಏನು ಮಾಡುತ್ತಿದ್ದಾನೆ ಎಂದು ಕೇಳಿದೆ. ಊರಲ್ಲಿ ಸುಮ್ಮನೆ ಇದ್ದಾನೆ ಎಂದ.

ನಿರುದ್ಯೋಗಿ ಎಂಬುದನ್ನು ಒತ್ತಿದೆ. ಅಕ್ಕನಿಗೊಮ್ಮೆ, ಅವನಿಗೊಮ್ಮೆ. ಷರಾದ ಜಾಗ ಖಾಲಿ ಬಿಟ್ಟೆ. ಆ ಸುತ್ತಿನ ವರದಿಯಲ್ಲಿ ಯಶಸ್ವಿಯಾದ ಶೆಡ್ಡುಗಳ ಪುಟದಲ್ಲಿ ಮೊದಲ ಹೆಸರು ಅದರದೇ, ಬರೆದವಳು ನಾನು.

ಹೊರಡುವ ಮೊದಲು ಅಕ್ಕ ಒಂದು ಮಸಾಲೆ ದೋಸೆ ಮಾಡಿಸಿ ಕೈಗಿಟ್ಟರು. ಮ್ಯಾನೇಜರ್ ದುಡ್ಡು ಬೇಡ ಎಂದ. ಅಕ್ಕ, "ಬಿಲ್ ಮಾಡಿ, ನನ್ನ ಸಂಬಳದಲ್ಲಿ ಹಿಡೀರಿ" ಎಂದು ಹಿಂದಿಯಲ್ಲಿ ಹೇಳಿ ನನ್ನ ಕಡೆ ತಿರುಗಿದರು.

"ಮುಖ ಯಾಕೆ ಹಾಗೆ ಮಾಡ್ಕೊಂಡಿದ್ದಿ? ತಿನ್ನು. ನಂಗೆ ಕೆಲಸ ಕೊಡ್ಸಿದ್ದು ನೀವು ಯೋಜನೆಯವ್ರೇ ಅಂತ ಆಯ್ತಲ್ಲ."

ನಾನು ತಟ್ಟೆ ಹಿಡಿದು ನಿಂತೇ ಇದ್ದೆ. ಶಿಫ್ಟು ಬಿಟ್ಟವರು ಒಳಗೆ ನುಗ್ಗಿದರು. ಅಕ್ಕ ಟೋಪಿ ಸರಿಮಾಡಿಕೊಂಡು ಹಿಟ್ಟಿನ ಕಡೆ ಹೋದರು.